ಹುಳಿ ಕುಡಿದೊಡನೆ ಹಲ್ಲುಜ್ಜಬೇಡಿ



ಬೇಸಗೆಯಲ್ಲಿ ಹೊಲದಿಂದ ಬಂದವರು ನಿಂಬೆ ಪಾನಕ ಕುಡಿಯುತ್ತೀರಿ. ಸಂತೆಗೆ ಹೋದಾಗ ಬಾಟಲಿಯ ಕೋಲಾ. ಕೆಲ ಕಾಲದ ಮೇಲೆ ತಣ್ಣೀರು ತಾಗಿದರೆ ಸಾಕು, ಹಲ್ಲು ಜುಮ್ಮೆನ್ನುತ್ತದೆ. ಕೊಳೆ ಕೂತಿದೆಯೆಂದು ಇಟ್ಟಿಗೆ ಪುಡಿಯಿಂದಲೋ ಇದ್ದಲಿನಿಂದಲೋ ಇನ್ನಷ್ಟು ತಿಕ್ಕುತ್ತೀರಿ. ನಾನೂ ಹಾಗೆ ತಿಕ್ಕಿದವನೇ. ಮುಂದಿನ ಎರಡು ಹಲ್ಲುಗಳ ಬುಡ ಹಳದಿಯಾಗಿ ತಗ್ಗು ಬಿದ್ದ ಮೇಲೆ ಬುದ್ಧಿ ಬಂತು.

ಒಂದು ಪರೀಕ್ಷೆ ಮಾಡಿ ನೋಡಿ. ಮೊಟ್ಟೆಯ ಚಿಪ್ಪನ್ನು ನಿಂಬೆರಸದಲ್ಲಿ ಹಾಕಿಡಿ. ಗುಳ್ಳೆಗಳು ಏಳುತ್ತವೆ. ಬೆಳಗ್ಗೆ ಅದನ್ನು ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಕೈಗೆ ಹತ್ತುತ್ತದೆ. ಹಲ್ಲು ಚಿಪ್ಪಿಗಿಂತ ಬಹಳ ಗಟ್ಟಿ; ಆದರೂ ಹುಳಿ ಅದರ ಮೇಲ್ಮೈಯನ್ನೂ ಮೆತ್ತಗೆ ಮಾಡುತ್ತದೆ. ಆಗಲೇ ಉಜ್ಜಿದರೆ ಮೆತ್ತಗಾದ ಭಾಗ ಸವೆದುಹೋಗುತ್ತದೆ.

ಹಲ್ಲಿನ ಮೇಲಿನ ಬಿಳಿ ಪದರಕ್ಕೆ ಎನಾಮಲ್ ಎನ್ನುತ್ತಾರೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಮುಖ್ಯವಾಗಿ ಸುಣ್ಣ ಮತ್ತು ರಂಜಕದ ಅಂಶ. ಮುರಿದ ಎಲುಬು ಕೂಡುತ್ತದೆ, ಗಾಯ ಮಾಯುತ್ತದೆ, ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಅದು ಸವೆದರೆ ಒಳಗಿನ ಹಳದಿ ಭಾಗ ಹೊರಗೆ ಕಾಣುತ್ತದೆ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರದ ಅಂಕಿ ನೋಡಿದ್ದೀರಿ. 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಸುಮಾರು 5.5ಕ್ಕಿಂತ ಕೆಳಗೆ ಎನಾಮಲ್ ಕರಗತೊಡಗುತ್ತದೆ. ನಿಂಬೆರಸವೂ ಕೋಲಾವೂ 2ರಿಂದ 3ರೊಳಗೆ. ಸಕ್ಕರೆ ಹಾಕಿದರೆ ಹುಳಿ ನಾಲಿಗೆಗೆ ತಿಳಿಯದು, ಹಲ್ಲಿಗೆ ತಿಳಿಯುತ್ತದೆ! ಕಡಲೆ ಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ತೆಗೆಯುವ ಹುಳಿಯೂ ಇದೇ ಜಾತಿಯದು.

ಮಜ್ಜಿಗೆಯನ್ನೂ ಬಿಡಬೇಕೆ ಎಂದು ಕೇಳುವಿರಿ. ಬೇಡ. ಅದರಲ್ಲಿ ಹುಳಿಯೂ ಕಡಿಮೆ, ಸುಣ್ಣದ ಅಂಶವೂ ಇದೆ. ಪಾನಕವನ್ನೂ ಬಿಡಬೇಕಾಗಿಲ್ಲ, ದಿನವೆಲ್ಲ ಗುಟುಕು ಗುಟುಕಾಗಿ ಹೀರದೆ ಒಂದೇ ಸಲ ಕುಡಿದು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ. ಆಮೇಲೆ ಒಂದು ಗಂಟೆ ಹಲ್ಲಿಗೆ ಏನನ್ನೂ ಹಚ್ಚಬೇಡಿ. ಅಷ್ಟರಲ್ಲಿ ಜೊಲ್ಲು ಹುಳಿಯನ್ನು ತೊಳೆದು, ಕಳೆದ ಖನಿಜವನ್ನು ಸ್ವಲ್ಪಮಟ್ಟಿಗೆ ಹಲ್ಲಿಗೆ ಹಿಂದಿರುಗಿಸುತ್ತದೆ.

ಇಟ್ಟಿಗೆ ಪುಡಿ, ಮರಳು, ಇದ್ದಲು ಇವನ್ನು ಪಾತ್ರೆಗೇ ಬಿಡಿ. ಮೆದುವಾದ ಬ್ರಷ್ ಸಾಕು. ಬೇವಿನ ಕಡ್ಡಿಯಾದರೆ ತುದಿಯನ್ನು ಚೆನ್ನಾಗಿ ಜಗಿದು ನಾರು ಮಾಡಿಕೊಂಡು ಹಗುರವಾಗಿ ಉಜ್ಜಿ. ಈಗಾಗಲೇ ತಗ್ಗು ಬಿದ್ದಿದ್ದರೆ ದಂತವೈದ್ಯರಿಗೆ ತೋರಿಸಿ. ಸವೆದ ಜಾಗವನ್ನು ಅವರು ತುಂಬಿಕೊಡುತ್ತಾರೆ. ನನ್ನವೆರಡನ್ನೂ ಹಾಗೆಯೇ ತುಂಬಿಸಿಕೊಂಡಿದ್ದೇನೆ.