ಬೆಳ್ಳಿಯ ಕಪ್ಪು ತೆಗೆಯಲು ಉಜ್ಜಬೇಕಾಗಿಲ್ಲ



ಗೌರಿ ಹಬ್ಬ ಹತ್ತಿರ ಬಂತೆಂದರೆ ಪೆಟ್ಟಿಗೆಯ ತಳದಲ್ಲಿದ್ದ ಬೆಳ್ಳಿಯ ಸಾಮಾನು ಹೊರಕ್ಕೆ ಬರುತ್ತದೆ. ಕುಂಕುಮದ ಭರಣಿ, ದೀಪ, ಮಗುವಿನ ಉಡಿದಾರ, ಅಜ್ಜಿಯ ಕಾಲದ ಡಾಬು, ಕಾಲ್ಗಡಗ. ಹೋದ ವರ್ಷ ಹಾಲಿನಂತೆ ಬೆಳ್ಳಗಿದ್ದುದು ಈ ವರ್ಷ ಹೊಗೆ ಹಿಡಿದ ಹಂಚಿನಂತೆ ಕಾಣುತ್ತದೆ. ಕೂಡಲೇ ಮನೆಯ ಹೆಣ್ಣುಮಕ್ಕಳು ಬೂದಿಯನ್ನೂ ತೆಂಗಿನ ನಾರನ್ನೂ ಹಿಡಿದು ತಿಕ್ಕಲು ಕೂರುತ್ತಾರೆ. ಅರ್ಧ ದಿನ ಹೋಗುತ್ತದೆ, ಬೆರಳು ನೋಯುತ್ತದೆ. ಅದರ ಜೊತೆಗೆ ಇನ್ನೊಂದು ನಷ್ಟವೂ ಆಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ: ಬೆಳ್ಳಿಯೇ ಸವೆದು ಬೂದಿಯ ನೀರಿನೊಡನೆ ಬಚ್ಚಲಿಗೆ ಹರಿದುಹೋಗುತ್ತದೆ.

ನಮ್ಮ ಮನೆಗಳಲ್ಲಿ ಬೆಳ್ಳಿ ಬರಿಯ ಅಲಂಕಾರವಲ್ಲ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜಕ್ಕೆ, ಎತ್ತು ಬಿದ್ದ ವರ್ಷ ಎತ್ತಿಗೆ, ಮನೆಯಲ್ಲಿ ಕಾಯಿಲೆಯಾದಾಗ ಔಷಧಿಗೆ ಒದಗುವ ಗಂಟು ಅದು. ಅಡವು ಹಿಡಿಯುವವನು ತೂಕ ನೋಡುತ್ತಾನೆಯೇ ಹೊರತು ಹೊಳಪನ್ನಲ್ಲ. ಆದುದರಿಂದ ತೂಕ ಕಳೆಯದೆ ಹೊಳಪು ತರುವ ಬಗೆಯನ್ನು ಪ್ರತಿಯೊಂದು ಮನೆಯೂ ತಿಳಿದಿರುವುದು ಒಳ್ಳೆಯದು. ಅದಕ್ಕೆ ಬೇಕಾದುದು ಹಳೆಯ ಅಲ್ಯೂಮಿನಿಯಂ ಪಾತ್ರೆ, ಸೋಡ, ಉಪ್ಪು, ಬಿಸಿನೀರು, ಇಷ್ಟೇ.

ಈ ಕಪ್ಪು ಎಲ್ಲಿಂದ ಬರುತ್ತದೆ?

ಗುದ್ದಲಿಗೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಬೆಳ್ಳಿ ಹಾಗಲ್ಲ, ಬರಿಯ ಶುದ್ಧ ಗಾಳಿ ನೀರು ಅದನ್ನು ಕೆಡಿಸಲಾರವು. ಅದರ ವೈರಿ ಗಂಧಕ. ಗಾಳಿಯಲ್ಲಿ ಗಂಧಕ ಕೂಡಿದ ಅನಿಲ ಸ್ವಲ್ಪವೇ ಇದ್ದರೂ ಸಾಕು, ಅದು ಬೆಳ್ಳಿಯೊಡನೆ ಸೇರಿ ಕಪ್ಪನೆಯ ಪೊರೆಯಾಗುತ್ತದೆ. ಇದಕ್ಕೆ ಬೆಳ್ಳಿಯ ಸಲ್ಫೈಡ್ ಎಂದು ಹೆಸರು.

ಹಳ್ಳಿಯ ಮನೆಯಲ್ಲಿ ಗಂಧಕಕ್ಕೆ ಕೊರತೆಯಿಲ್ಲ. ಮೊಟ್ಟೆಯಲ್ಲಿ, ಈರುಳ್ಳಿ ಬೆಳ್ಳುಳ್ಳಿಗಳಲ್ಲಿ, ಉಣ್ಣೆಯ ಕಂಬಳಿಯಲ್ಲಿ, ರಬ್ಬರಿನ ಪಟ್ಟಿಯಲ್ಲಿ ಗಂಧಕವಿದೆ. ತಿಪ್ಪೆಯಲ್ಲಿ ಸಗಣಿ ಕೊಳೆಯುವಾಗಲೂ ಗಂಧಕದ ಅನಿಲ ಏಳುತ್ತದೆ. ಗೋಬರ್ ಗ್ಯಾಸಿನಲ್ಲಿಯೂ ಅದರ ಅಂಶ ಇರುತ್ತದೆ. ದ್ರಾಕ್ಷಿಗೋ ಮೆಣಸಿನ ಗಿಡಕ್ಕೋ ಬೂದಿರೋಗ ಬಂದಾಗ ಗಂಧಕದ ಪುಡಿ ಎರಚುತ್ತೀರಲ್ಲವೇ? ಆ ದಿನ ಹೊಲದಲ್ಲಿ ಕೆಲಸ ಮಾಡಿದವರ ಉಂಗುರವನ್ನು ನೋಡಿ. ಅದು ಬೇಗನೆ ಕಪ್ಪಾಗುತ್ತದೆ. ಅದು ಮೈಯ ಉಷ್ಣವೂ ಅಲ್ಲ, ದೃಷ್ಟಿಯೂ ಅಲ್ಲ, ಗಂಧಕದ ಕೆಲಸ.

ಉಜ್ಜಿದರೆ ಏನು ನಷ್ಟ?

ಕಪ್ಪು ಎಂದರೆ ಕೊಳೆ, ಅದು ಹೋದರೆ ಹೋಗಲಿ ಎಂದು ನಾವು ತಿಳಿದಿದ್ದೇವೆ. ಇದು ತಪ್ಪು. ಆ ಕಪ್ಪು ಪೊರೆಯನ್ನು ತೂಕ ಮಾಡಿದರೆ ಅದರ 100 ಭಾಗದಲ್ಲಿ 87 ಭಾಗ ಬೆಳ್ಳಿಯೇ, ಮಿಕ್ಕ 13 ಭಾಗ ಮಾತ್ರ ಗಂಧಕ. ಹೀಗಿರುವಾಗ ಕಪ್ಪನ್ನು ಉಜ್ಜಿ ತೆಗೆಯುವುದೆಂದರೆ, ಕಳೆಯ ಜೊತೆಗೆ ಪೈರನ್ನೂ ಕಿತ್ತು ಬದುವಿನಾಚೆ ಎಸೆದಂತೆ.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಭತ್ತದ ಹೊಟ್ಟಿನ ಬೂದಿಯ ಬಹುಭಾಗ ಸಿಲಿಕ. ಮರಳಿನಲ್ಲಿರುವುದೂ ಅದೇ ವಸ್ತು. ಬೆಳ್ಳಿಯೋ ಮೆತ್ತನೆಯ ಲೋಹ. ಮರಳು, ಇಟ್ಟಿಗೆ ಪುಡಿ, ಹೊಟ್ಟಿನ ಬೂದಿ, ಇವು ಕಪ್ಪನ್ನಷ್ಟೇ ಅಲ್ಲದೆ ಕೆಳಗಿನ ಒಳ್ಳೆಯ ಬೆಳ್ಳಿಯನ್ನೂ ಗೀರಿ ತೆಗೆಯುತ್ತವೆ. ಒಂದು ಸಲಕ್ಕೆ ಹೋಗುವುದು ತೀರ ಅಲ್ಪ. ಆದರೆ ವರ್ಷಕ್ಕೆ ನಾಲ್ಕು ಹಬ್ಬದಂತೆ ಎರಡು ತಲೆಮಾರು ಉಜ್ಜಿದ ಭರಣಿಯ ಹೂಬಳ್ಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಬಳ್ಳಿ ನುಣ್ಣಗಾಗಿರುತ್ತದೆ. ಅಲ್ಲಿದ್ದ ಬೆಳ್ಳಿ ಎಲ್ಲಿ ಹೋಯಿತೆಂದು ಈಗ ನಿಮಗೆ ತಿಳಿಯಿತು.

ಹುಣಿಸೆಹಣ್ಣು ಹಾಕಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಹುಣಿಸೆಯ ಹುಳಿ ತಾಮ್ರ ಹಿತ್ತಾಳೆಗಳಿಗೆ ಒಳ್ಳೆಯದು. ಬೆಳ್ಳಿಯ ಕಪ್ಪು ಆ ಹುಳಿಗೆ ಕರಗುವುದಿಲ್ಲ.

ಮಾಡುವ ವಿಧಾನ

ಬೇಕಾದ ಸಾಮಗ್ರಿ: ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ (ಹಲವು ಕಡೆ ಇದನ್ನು ಸಿಲಾವರದ ಪಾತ್ರೆ ಎನ್ನುತ್ತಾರೆ), ಅಡಿಗೆ ಸೋಡ, ಉಪ್ಪು, ಕುದಿಯುವ ನೀರು. ಅಡಿಗೆಗೆ ಬಳಸುತ್ತಿರುವ ಪಾತ್ರೆ ಬೇಡ. ಸೋಡ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಳೆಯ ಪಾತ್ರೆ ಇಲ್ಲವಾದರೆ ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ, ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಹಾಸಿದರೂ ಆಗುತ್ತದೆ.

1. ಮೊದಲು ಬೆಳ್ಳಿಯನ್ನು ಅಂಟುವಾಳದ ಅಥವಾ ಸಾಬೂನಿನ ನೀರಿನಲ್ಲಿ ತೊಳೆಯಿರಿ. ಎಣ್ಣೆ, ಅರಿಶಿನ, ಕುಂಕುಮ ಅಂಟಿಕೊಂಡಿದ್ದರೆ ಮುಂದಿನ ಕೆಲಸ ಸಾಗದು.

2. ಅಲ್ಯೂಮಿನಿಯಂ ಪಾತ್ರೆಯ ಒಳಭಾಗವನ್ನು ನಾರಿನಿಂದ ಚೆನ್ನಾಗಿ ತಿಕ್ಕಿ ಹೊಳೆಯುವಂತೆ ಮಾಡಿ. ತಿಕ್ಕಬೇಕಾದುದು ಇದನ್ನೇ ಹೊರತು ಬೆಳ್ಳಿಯನ್ನಲ್ಲ.

3. ಬೆಳ್ಳಿಯ ಸಾಮಾನನ್ನು ಪಾತ್ರೆಯೊಳಗೆ ಜೋಡಿಸಿಡಿ. ಪ್ರತಿಯೊಂದು ಸಾಮಾನೂ ಅಲ್ಯೂಮಿನಿಯಮ್ಮನ್ನು ಮುಟ್ಟುತ್ತಿರಬೇಕು. ಇದನ್ನು ಮರೆಯಬೇಡಿ.

4. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡ, ಒಂದು ದೊಡ್ಡ ಚಮಚ ಉಪ್ಪಿನಂತೆ ಹಾಕಿ.

5. ಪಾತ್ರೆಯನ್ನು ಬಯಲಿನಲ್ಲಿಯೋ ಕಿಟಕಿಯ ಹತ್ತಿರವೋ ಇಟ್ಟು, ಬೆಳ್ಳಿ ಮುಳುಗುವಷ್ಟು ಕುದಿಯುವ ನೀರನ್ನು ನಿಧಾನವಾಗಿ ಸುರಿಯಿರಿ. ನೊರೆ ಉಕ್ಕುತ್ತದೆ, ಮಕ್ಕಳನ್ನು ದೂರವಿಡಿ. ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಅದು ಗಂಧಕ ಬಿಟ್ಟು ಹೋಗುತ್ತಿರುವ ಗುರುತು. ಆ ಆವಿಯ ಮೇಲೆ ಬಗ್ಗಿ ಉಸಿರೆಳೆಯಬೇಡಿ.

6. ಎರಡರಿಂದ ಐದು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಸಾಮಾನನ್ನು ಮರದ ಸೌಟಿನಿಂದ ಒಮ್ಮೆ ಮಗುಚಿ. ಬಹಳ ಕಪ್ಪಾಗಿದ್ದರೆ ಹೊಸ ನೀರು, ಹೊಸ ಸೋಡ ಹಾಕಿ ಇನ್ನೊಮ್ಮೆ ಮಾಡಿ.

7. ತೆಗೆದು ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದು, ಮೆತ್ತನೆಯ ಹಳೆಯ ಪಂಚೆಯ ಬಟ್ಟೆಯಿಂದ ಒತ್ತಿ ನೀರಾರಿಸಿ.

ಬಹಳ ಕಪ್ಪಾಗಿದ್ದ ಸಾಮಾನು ಹೊಳೆಯದೆ ಸುಣ್ಣದಂತೆ ಮಂಕು ಬಿಳುಪಾಗಿ ಕಂಡರೆ ಹೆದರಬೇಡಿ. ಅದೇ ಬಟ್ಟೆಯಿಂದ ಹಗುರವಾಗಿ ಸವರಿದರೆ ಹೊಳಪು ಏಳುತ್ತದೆ.

ಉಳಿದ ನೀರನ್ನು ಕೈತೋಟಕ್ಕೂ ದನದ ಬಾನಿಗೂ ಹಾಕಬೇಡಿ. ಚೌಳು ಭೂಮಿಯ ಕಷ್ಟ ನಿಮಗೆ ಗೊತ್ತೇ ಇದೆ. ಅಂಥ ನೆಲವನ್ನು ಕೆಡಿಸುವುದೂ ಇದೇ ಬಗೆಯ ಸೋಡ ಮತ್ತು ಉಪ್ಪು.

ಇದು ಹೇಗೆ ನಡೆಯುತ್ತದೆ?

ಇದರಲ್ಲಿ ಮಾಟವೇನೂ ಇಲ್ಲ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪು ನೀರಿನಲ್ಲಿ ಕುಳಿತರೆ ಅವುಗಳ ನಡುವೆ ಸಣ್ಣ ವಿದ್ಯುತ್ತು ಹರಿಯುತ್ತದೆ. ಟಾರ್ಚಿನ ಬ್ಯಾಟರಿಯಲ್ಲಿ ನಡೆಯುವುದೂ ಇಂಥದೇ ಕೆಲಸ. ಈ ಬ್ಯಾಟರಿಯಲ್ಲಿ ಅಲ್ಯೂಮಿನಿಯಂ ತಾನು ಸವೆದು, ಬೆಳ್ಳಿಯನ್ನು ಗಂಧಕದ ಹಿಡಿತದಿಂದ ಬಿಡಿಸುತ್ತದೆ. ಗಂಧಕ ನೀರಿಗೂ ಗಾಳಿಗೂ ಹೋಗುತ್ತದೆ. ಬಿಡುಗಡೆಯಾದ ಬೆಳ್ಳಿ ಬಹುಮಟ್ಟಿಗೆ ತಾನಿದ್ದ ಒಡವೆಯ ಮೇಲೆಯೇ ಉಳಿಯುತ್ತದೆ. ಸೋಡ ಅಲ್ಯೂಮಿನಿಯಮ್ಮಿನ ಮೇಲಿರುವ ಗಟ್ಟಿ ಪೊರೆಯನ್ನು ಕಳಚುತ್ತದೆ, ಉಪ್ಪು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ, ಬಿಸಿ ಕೆಲಸವನ್ನು ಬೇಗ ಮುಗಿಸುತ್ತದೆ.

ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷೆ ಮಾಡಿ. ಕಪ್ಪಾದ ಒಂದು ಜೊತೆ ಕಾಲುಂಗುರ ತೆಗೆದುಕೊಳ್ಳಿ. ಒಂದನ್ನು ಪಾತ್ರೆಯ ತಳದ ಮೇಲಿಡಿ. ಇನ್ನೊಂದನ್ನು ದಾರ ಕಟ್ಟಿ, ಪಾತ್ರೆಗೆ ಎಲ್ಲಿಯೂ ತಾಗದಂತೆ ಅದೇ ನೀರಿನಲ್ಲಿ ತೂಗುಬಿಡಿ. ಮುಟ್ಟಿದ ಉಂಗುರ ಬೆಳ್ಳಗಾಗುತ್ತದೆ, ತೂಗುವ ಉಂಗುರ ಕಪ್ಪಾಗಿಯೇ ಉಳಿಯುತ್ತದೆ. ಮಹಿಳಾ ಮಂಡಲದ ಸಭೆಯಲ್ಲಿ ಇದನ್ನು ಮಾಡಿ ತೋರಿಸಿದರೆ ಒಂದು ಗಂಟೆಯ ಭಾಷಣಕ್ಕಿಂತ ಹೆಚ್ಚು ತಿಳಿಯುತ್ತದೆ.

ಯಾವುದನ್ನು ಹಾಕಬಾರದು?

ಎಲ್ಲ ಸಾಮಾನಿಗೂ ಈ ವಿಧಾನ ಸಲ್ಲದು. ಮುತ್ತು, ಹವಳ, ಹರಳು ಕೂರಿಸಿದ ಒಡವೆಯನ್ನು ಹಾಕಬೇಡಿ. ಒಳಗೆ ಅರಗು ತುಂಬಿದ ಕಡಗ, ತೋಳಬಂದಿಗಳನ್ನು ಹಾಕಿದರೆ ಬಿಸಿಗೆ ಅರಗು ಕರಗುತ್ತದೆ. ಟೊಳ್ಳಾದ ವಿಗ್ರಹದೊಳಗೆ ನೀರು ಹೊಕ್ಕರೆ ಹೊರಬರುವುದಿಲ್ಲ. ಬೆಳ್ಳಿಯ ಕರಡಿಗೆಯಾದರೆ ಲಿಂಗವನ್ನು ತೆಗೆದು ಬೇರೆಯಾಗಿಟ್ಟು ಬರಿಯ ಕರಡಿಗೆಯನ್ನು ಮಾತ್ರ ಹಾಕಬೇಕು. ಚಿತ್ತಾರ ಎದ್ದು ಕಾಣಲೆಂದು ಅಕ್ಕಸಾಲಿಗನೇ ಸಂದಿಗಳಲ್ಲಿ ಕಪ್ಪು ಕೊಟ್ಟಿದ್ದರೆ ಅದೂ ಅಳಿಸಿಹೋಗುತ್ತದೆ. ಚಿನ್ನದ ನೀರು ಕೊಟ್ಟ ಬೆಳ್ಳಿಯನ್ನೂ ಹಾಕಬೇಡಿ.

ಬೀದರಿನ ಬಿದರಿ ಸಾಮಾನನ್ನಂತೂ ಇದರ ಹತ್ತಿರ ತರಲೇಬಾರದು. ಅದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಕೆಲಸ. ಅಲ್ಲಿ ಕಪ್ಪೇ ಅದರ ಅಂದ.

ಹೆಸರು ಕೇಳಿ ಮೋಸ ಹೋಗಬೇಡಿ: ಜರ್ಮನ್ ಸಿಲ್ವರ್ ಎಂದು ಮಾರುವ ತಟ್ಟೆ ದೀಪಗಳಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಬೆರಕೆ.

ಬಾಗಿಲಿಗೆ ಬರುವ ಪಾಲಿಷಿನವರು

ಹಬ್ಬದ ಮುಂಚೆ, ಗಂಡಸರು ಹೊಲಕ್ಕೆ ಹೋದ ಹೊತ್ತು ನೋಡಿ, ಬೆಳ್ಳಿ ಬಂಗಾರಕ್ಕೆ ಪಾಲಿಷ್ ಹಾಕುತ್ತೇವೆಂದು ಅಪರಿಚಿತರು ಬರುವುದುಂಟು. ಮೊದಲು ಒಂದು ಹಿತ್ತಾಳೆ ಚೊಂಬನ್ನು ಪುಕ್ಕಟೆಯಾಗಿ ಹೊಳೆಯಿಸಿ ತೋರಿಸುತ್ತಾರೆ. ಆಮೇಲೆ ಕಾಲ್ಗೆಜ್ಜೆ ಕೇಳುತ್ತಾರೆ. ಕಣ್ಣೆದುರಿಗೇ ಮಾಡುತ್ತಾರಲ್ಲ, ಕದಿಯುವುದು ಹೇಗೆ ಎಂದು ನಾವು ಸುಮ್ಮನಿರುತ್ತೇವೆ.

ಕದಿಯುವುದು ಹೀಗೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುತ್ತದೆ. ಆಮ್ಲ ಕೂಡಿದ ನೀರಿನಲ್ಲಿ ಗೆಜ್ಜೆಯನ್ನು ಅದ್ದಿ ತೆಗೆದರೆ ಮೇಲಿನ ಬೆಳ್ಳಿ ನೀರಿಗೆ ಇಳಿಯುತ್ತದೆ. ಗೆಜ್ಜೆ ಹೊಳೆಯುತ್ತದೆ, ಹಗುರವೂ ಆಗುತ್ತದೆ. ಆ ನೀರನ್ನು ಅವರು ಚೆಲ್ಲುವುದಿಲ್ಲ, ಜೋಪಾನವಾಗಿ ಹೊತ್ತು ಹೋಗುತ್ತಾರೆ. ಅದರಲ್ಲಿ ಒಂದು ತಾಮ್ರದ ತಗಡು ಇಟ್ಟರೆ ಕರಗಿದ ಬೆಳ್ಳಿ ಮತ್ತೆ ಹೊರಬರುತ್ತದೆ. ನಿಮ್ಮ ಬೆಳ್ಳಿ ಹೋಯಿತು, ಅದರ ಮೇಲೆ ಕೂಲಿಯನ್ನೂ ನೀವೇ ಕೊಟ್ಟಿರಿ. ಬಂಗಾರವನ್ನು ಕರಗಿಸುವ ಆಮ್ಲಗಳೂ ಇವೆ. ಆದುದರಿಂದ ಅಪರಿಚಿತರ ಕೈಗೆ ಒಡವೆ ಕೊಡಬೇಡಿ. ಬಂದವರು ಹಟ ಹಿಡಿದರೆ ನೆರೆಹೊರೆಯವರನ್ನು ಕರೆಯಿರಿ, 112 ಸಂಖ್ಯೆಗೆ ಫೋನ್ ಮಾಡಿ. ಗೊತ್ತಿರುವ ಅಕ್ಕಸಾಲಿಗನಿಗೆ ಕೊಡುವಾಗಲೂ ಮೊದಲು ತೂಕ ಮಾಡಿಸಿ, ಚೀಟಿಯಲ್ಲಿ ಬರೆಯಿಸಿಕೊಳ್ಳಿ, ಮರಳಿ ಪಡೆಯುವಾಗ ಇನ್ನೊಮ್ಮೆ ತೂಗಿ ನೋಡಿ.

ಮತ್ತೆ ಕಪ್ಪಾಗದಂತೆ ಇಡುವುದು

ಬೆಳ್ಳಿಯನ್ನು ಪೂರ್ತಿ ಒಣಗಿಸಿ, ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಉಣ್ಣೆಯ ಬಟ್ಟೆಯಲ್ಲಿ ಸುತ್ತಬೇಡಿ, ರಬ್ಬರಿನ ಪಟ್ಟಿ ಹಾಕಬೇಡಿ. ಔಷಧಿ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಣ್ಣ ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದಂತೆ ಜೊತೆಗಿಟ್ಟರೆ ಒಳ್ಳೆಯದು. ಗಂಧಕ ಎರಚುವ ದಿನ ಉಂಗುರ, ಕಡಗಗಳನ್ನು ಮನೆಯಲ್ಲಿ ತೆಗೆದಿಟ್ಟು ಹೋಗಿ. ದಿನವೂ ಬಳಸುವ ಬಟ್ಟಲನ್ನು ಆಗಿಂದಾಗ್ಗೆ ತೊಳೆದು ಒರೆಸುತ್ತಿದ್ದರೆ ಅದು ಬೇಗ ಕಪ್ಪಾಗದು.

ಮೂರು ಮಾತು ನೆನಪಿನಲ್ಲಿಡಿ. ಕಪ್ಪಿನಲ್ಲಿಯೂ ಬೆಳ್ಳಿ ಇದೆ, ಅದನ್ನು ಉಜ್ಜಿ ಚೆಲ್ಲಬೇಡಿ. ಅಲ್ಯೂಮಿನಿಯಂ ಮುಟ್ಟಿದರೆ ಮಾತ್ರ ಕೆಲಸ ಆಗುತ್ತದೆ. ತೂಕ ಗೊತ್ತಿಲ್ಲದ ಒಡವೆ ಮನೆಯ ಹೊಸಲು ದಾಟಬಾರದು. ಈ ಹಬ್ಬಕ್ಕೆ ಒಂದು ಕುಂಕುಮದ ಭರಣಿಯಿಂದ ಆರಂಭಿಸಿ. ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದರೆ, ಪಕ್ಕದ ಮನೆಯವರಿಗೂ ತಿಳಿಸಿಕೊಡಿ.