ಬಿಸಿನೀರು ಸುರಿಯುವ ಮೊದಲು

ಯಾದಗಿರಿಯ ಸ್ಟೇಷನ್ ರಸ್ತೆ ಇರಲಿ, ಶಹಾಪುರದ ಬಸ್ ನಿಲ್ದಾಣ ಇರಲಿ, ಸುರಪುರದ ಕಿರಾಣಿ ಅಂಗಡಿ ಇರಲಿ, ಬಿಸ್ಕೀಟು-ಚಿಪ್ಸ್ ಸಾಲಿನಲ್ಲಿ ಈಗ ಕಪ್ ನೂಡಲ್ಸ್ ಕೂಡ ಬಂದು ಕೂತಿದೆ. ಮುಚ್ಚಳ ಸುಲಿದು ಬಿಸಿನೀರು ಹಾಕಿದರೆ ತಿಂಡಿ ತಯಾರು. ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರಿಗೂ, ಡ್ಯೂಟಿ ಮುಗಿಸಿ ಸುಸ್ತಾಗಿ ಬರುವವರಿಗೂ ಅನುಕೂಲವೇ. ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ. ತಿನ್ನುವುದಾದರೆ ಸರಿಯಾಗಿ ತಿನ್ನಿ.

ಮೊದಲು ನೀರಿನ ಮಾತು. ಕೊಳ್ಳುವಾಗ ರುಚಿ ಯಾವುದೆಂದು ಹತ್ತು ಸಲ ನೋಡುತ್ತೀರಿ, ಒಳಗೆ ಸುರಿಯುವ ನೀರು ಎಲ್ಲಿಯದೆಂದು ಒಂದು ಸಲವೂ ನೋಡುವುದಿಲ್ಲ. ನಮ್ಮ ಭಾಗದ ಬೋರಿನ ನೀರು ಎಲ್ಲ ಕಡೆ ಒಂದೇ ತೆರನಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ಅಂತರ್ಜಲ ಕುಡಿದು ಜನ ಎಷ್ಟು ನರಳಿದರೆಂಬುದು ನಿಮಗೂ ಗೊತ್ತು. ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳೂ ಇವೆ. ‘ಕುದಿಸಿದ್ದೇನಲ್ಲ, ಮತ್ತೇನು’ ಎನ್ನಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆರ್ಸೆನಿಕ್ಕೂ ಫ್ಲೋರೈಡೂ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಕುದಿಸಿ. ಗೀಸರಿನ ನೀರು ಹಾಕುವವರಿದ್ದಾರೆ ಎಂದು ಕೇಳಿದ್ದೇನೆ. ಅದು ಸ್ನಾನದ ನೀರು, ದಯವಿಟ್ಟು ಬೇಡ.

ನೀರು ಗುಳ್ಳೆ ಎದ್ದು ಕುದಿದಿರಬೇಕು. ಕಪ್ಪಿನೊಳಗಿನ ಗೆರೆಯವರೆಗಷ್ಟೇ ಹಾಕಿ, ಮುಚ್ಚಳ ಮುಚ್ಚಿ, ಮೇಲೊಂದು ತಟ್ಟೆ ಇಟ್ಟು, ಕಪ್ಪಿನ ಮೇಲೆ ಬರೆದಷ್ಟು ನಿಮಿಷ ಸುಮ್ಮನೆ ಕೂಡಿ. ಮೂರು ನಾಲ್ಕು ನಿಮಿಷದ ಮಾತು, ಅದಕ್ಕೂ ತಾಳ್ಮೆ ಇಲ್ಲವೆಂದರೆ ಹೇಗೆ? ಆತುರಗಾರನಿಗೆ ಬುದ್ಧಿ ಮಟ್ಟ. ಒಣ ನೂಡಲ್ಸನ್ನೇ ಪುಡಿ ಮಾಡಿ, ಮಸಾಲೆ ಉದುರಿಸಿಕೊಂಡು ಕರಕರ ತಿನ್ನುವ ಮಕ್ಕಳಿಗೆ ಎರಡು ಮಾತು ಗದರಿಸಿ. ಅದಕ್ಕೊಂದು ಕಾರಣವಿದೆ. ಜಪಾನಿನಲ್ಲಿ ಮೊಮೊಫುಕು ಆಂಡೋ 1958ರಲ್ಲಿ ದಿಢೀರ್ ನೂಡಲ್ಸ್ ಮಾಡಿದಾಗ ಹೂಡಿದ ಉಪಾಯವೇ ಎಣ್ಣೆಯಲ್ಲಿ ಕರಿಯುವುದು. ಕರಿಯುವಾಗ ಎಳೆಯೊಳಗಿನ ನೀರು ಆವಿಯಾಗಿ ಹೊರಬಿದ್ದು ಸಣ್ಣ ಸಣ್ಣ ತೂತು ಉಳಿಯುತ್ತವೆ. ಬಿಸಿನೀರು ಅವುಗಳೊಳಗೆ ನುಗ್ಗಿ ಎಳೆ ಮೆತ್ತಗಾಗುತ್ತದೆ. 1971ರಲ್ಲಿ ಅದನ್ನೇ ಕಪ್ಪಿಗೆ ತುಂಬಿದರು. ಇಂದಿಗೂ ಹೆಚ್ಚಿನವು ಕರಿದವೇ. ಹಾಗಾಗಿ ಹಗುರ ತಿಂಡಿ ಎಂಬ ಭ್ರಮೆ ಬೇಡ. ಇನ್ನೊಂದು, ಪತ್ರಾಸಿನ ಮನೆಯಲ್ಲಿ, ನಮ್ಮ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ, ಡಜನ್‌ಗಟ್ಟಲೆ ತಂದು ಅಟ್ಟದ ಮೇಲೆ ಒಟ್ಟಬೇಡಿ. ತಾರೀಖು ಮುಗಿಯದಿದ್ದರೂ ಎಣ್ಣೆ ಕೆಡುತ್ತದೆ. ತೆರೆದ ಕೂಡಲೇ ಕಮಟು ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಎಸೆಯಿರಿ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸುವ ಸಂಗತಿ. ಕಪ್ಪು ಎತ್ತರ, ತಳ ಸಣ್ಣದು; ಸ್ವಲ್ಪ ತಾಗಿದರೂ ಮಗುಚುತ್ತದೆ. ಒಳಗಿರುವುದು ಆಗತಾನೆ ಕುದ್ದ ನೀರು, ಜೊತೆಗೆ ಮೈಗೆ ಅಂಟಿ ಕೂಡುವ ಎಳೆಗಳು. ನೆಲದ ಮೇಲೆ, ಹಾಸಿಗೆಯ ಮೇಲೆ, ಮಗು ಅಂಬೆಗಾಲಿಡುವ ಕಡೆ ಇಡಬೇಡಿ. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಿನ್ನಲೇಬೇಡಿ. ನೆನೆಸಿದ ಮೇಲೆ ಅಗಲ ಬಟ್ಟಲಿಗೆ ಬಗ್ಗಿಸಿಕೊಂಡರೆ ಆರುವುದೂ ಬೇಗ, ಉರುಳುವ ಹೆದರಿಕೆಯೂ ಇಲ್ಲ. ಅಕಸ್ಮಾತ್ ಮೈಮೇಲೆ ಬಿದ್ದರೆ ಕೂಡಲೇ ನೆನೆದ ಬಟ್ಟೆ ತೆಗೆದು, ಸುಟ್ಟ ಜಾಗವನ್ನು ನಳದ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ. ಟೂತ್‌ಪೇಸ್ಟ್, ಅರಿಶಿನ, ಎಣ್ಣೆ, ಐಸು ಯಾವುದೂ ಬೇಡ. ಯಾರೋ ಹಿರಿಯರು ಹೇಳಿದರೂ ಬೇಡ. ಬೊಬ್ಬೆ ಎದ್ದರೆ, ಸುಟ್ಟಿದ್ದು ಮಗುವಾಗಿದ್ದರೆ, ಸೀದಾ ಆಸ್ಪತ್ರೆಗೆ ಹೋಗಿ.

ಉಪ್ಪಿನ ಲೆಕ್ಕ ಕಲಿಯುವುದು ಕಷ್ಟವೇನಲ್ಲ. ಕಪ್ಪಿನ ಮೇಲೆ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದಿರುತ್ತದೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ತಿಳಿಯುತ್ತದೆ. 1,000 ಮಿಲಿಗ್ರಾಂ ಸೋಡಿಯಂ ಎಂದರೆ 2.5 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಬರೆದ ಅಂಕಿ 100 ಗ್ರಾಮಿನದೋ ಇಡೀ ಕಪ್ಪಿನದೋ ಅದನ್ನೂ ನೋಡಿ, ಅಲ್ಲೇ ನಾವು ಮೋಸ ಹೋಗುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಸುಮ್ಮನೆ ಹೇಳಿದ್ದಾರೆಯೇ? ಮಸಾಲೆ ಬೇರೆ ಪುಡಿಕೆಯಲ್ಲಿದ್ದರೆ ಅರ್ಧವೇ ಹಾಕಿ. ಒಳಗೇ ಬೆರೆತಿದ್ದರೆ ತಳದ ಖಾರದ ನೀರನ್ನು ಕುಡಿಯದೆ ಬಿಡಿ. ಬಿ.ಪಿ., ಶುಗರ್ ಇರುವವರು ಆಸೆಗೆ ನಾಲ್ಕು ಚಮಚ ತಿಂದು ಕಪ್ಪನ್ನು ಪಕ್ಕದವರಿಗೆ ದಾಟಿಸಿ.

ಇದನ್ನು ಊಟ ಎಂದು ಮಾತ್ರ ಲೆಕ್ಕ ಹಿಡಿಯಬೇಡಿ. ಸಂಜೆ ಐದಕ್ಕೆ ಬಾಯಾಡಿಸಲು ಸರಿ, ರಾತ್ರಿ ರೊಟ್ಟಿಯ ಜಾಗಕ್ಕೆ ಸಲ್ಲದು. ಮೈದಾ ತಿಂದ ಹೊಟ್ಟೆ ತಾಸೆರಡು ತಾಸಿನಲ್ಲಿ ಮತ್ತೆ ಕೇಳುತ್ತದೆ. ಹೆಚ್ಚಿದ ಉಳ್ಳಾಗಡ್ಡಿ, ಗಜ್ಜರಿ, ಒಂದು ಹಿಡಿ ಬೇಯಿಸಿದ ಮೊಳಕೆ ಹೆಸರುಕಾಳು, ತಿನ್ನುವವರಾದರೆ ಕುದಿಸಿದ ತತ್ತಿ ಸೇರಿಸಿ, ಆಗ ಅದಕ್ಕೊಂದು ಸತ್ವ ಬರುತ್ತದೆ. ಐವತ್ತು ರೂಪಾಯಿಯ ಕಪ್ಪು ಕೊಳ್ಳುವ ಕೈ ಐದು ರೂಪಾಯಿಯ ಶೇಂಗಾ ಕೊಳ್ಳಲು ಹಿಂಜರಿಯುವುದೇಕೆ? ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗಾಗಿದೆ. ಚುರುಮುರಿ ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಪುಟಾಣಿ ಪುಡಿ ಉದುರಿಸಿದರೆ ಹತ್ತು ನಿಮಿಷದಲ್ಲಿ ಸುಸಲಾ ತಯಾರು. ಬೇಸಿಗೆಯಲ್ಲಿ ಅವ್ವ ಹೊರಸಿನ ಮೇಲೆ ಒಣಗಿಸಿ ಡಬ್ಬಿಗೆ ತುಂಬಿದ ಶಾವಿಗೆ ಇದ್ದೇ ಇದೆ. ಅದು ಬಿಸಿಲಿಗೆ ಒಣಗಿದ್ದು, ಎಣ್ಣೆ ಕಂಡದ್ದಲ್ಲ. ಹಾಸ್ಟೆಲ್ಲಿಗೆ ಹೋಗುವಾಗ ಒಂದು ಪೊಟ್ಟಣ ಕಟ್ಟಿಕೊಂಡು ಹೋದರೆ ನಿಮ್ಮ ಮಾನವೇನೂ ಹೋಗುವುದಿಲ್ಲ.

ಪ್ರಯಾಣದ ಮಾತೂ ಹೇಳಿಬಿಡುತ್ತೇನೆ. ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೋ ಮುಂಬೈಗೋ ಹೊರಟವರು ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗಿಗೆ ಕೆಟಲ್ ಹಚ್ಚಬೇಡಿ. ರೈಲ್ವೆ ಅದನ್ನು ನಿಷೇಧಿಸಿದೆ. ಬೆಂಕಿ ಹತ್ತಿದರೆ ಸುಡುವುದು ನಿಮ್ಮ ಬರ್ತ್ ಒಂದೇ ಅಲ್ಲ. ಮನೆಯಿಂದ ಥರ್ಮಾಸಿನಲ್ಲಿ ನೀರು ತನ್ನಿ, ಗಾಡಿ ನಿಂತಾಗ ಸುರಿಯಿರಿ. ಶಹಾಪುರ–ಸುರಪುರ ಬಸ್ಸಿನಲ್ಲಿ ಈ ಸಾಹಸವೇ ಬೇಡ, ಒಂದು ಹಂಪು ಸಾಕು. ಇನ್ನು ಬೋನಾಳ ಕೆರೆಗೆ ಹಕ್ಕಿ ನೋಡಲು, ಶಹಾಪುರದ ಬೆಟ್ಟಕ್ಕೆ ಮಲಗಿದ ಬುದ್ಧನನ್ನು ನೋಡಲು ಹೋಗುವವರು ಕಪ್ಪಿನ ಜೊತೆ ಒಂದು ಖಾಲಿ ಚೀಲವನ್ನೂ ಒಯ್ಯಿರಿ. ತಿಂದ ಕಪ್ಪು, ಮುಚ್ಚಳ, ಪ್ಲಾಸ್ಟಿಕ್ ಫೋರ್ಕು ಮೂರೂ ಅದರಲ್ಲಿ ಹಾಕಿ ಮನೆಗೇ ತನ್ನಿ, ಮರುದಿನ ಕಸದ ಗಾಡಿಗೆ ಕೊಡಿ.