ನೆಲದಿಂದ ನಾಲ್ಕಂಗುಲ

ತಪೋಬಲದಿಂದ ದೇಹವು ನೆಲ ಬಿಟ್ಟೇಳುವುದೇ? ದಶಲಕ್ಷಣ ಪರ್ವದ ಉಪವಾಸಕಾಲದಲ್ಲಿ ಮೈಸೂರಿನ ಶ್ರೀರಾಂಪುರದಂತಹ ಬಡಾವಣೆಯ ಶ್ರಾವಕರೂ ಕೇಳಬಹುದಾದ ಪ್ರಶ್ನೆಯಿದು. ಕುಂದಕುಂದಾಚಾರ್ಯರ ಚಾರಣಋದ್ಧಿಯನ್ನು ಆಧಾರವಾಗಿ ಹೇಳುವುದುಂಟು. ಶ್ರವಣಬೆಳಗೊಳದ ಸಿದ್ಧರ ಬಸದಿಯ 1398ರ ಶಾಸನವನ್ನು ಗಮನವಿಟ್ಟು ಓದಬೇಕು. ಒಳಗೂ ಹೊರಗೂ ತಮಗೆ ರಜಸ್ಸು ಸೋಂಕದೆಂದು ತೋರಲು ಆಚಾರ್ಯರು ನಾಲ್ಕಂಗುಲ ಮೇಲೆ ಸಂಚರಿಸಿದರೆಂದು ಕವಿಯು ಭಾವಿಸುತ್ತಾನೆ, ಕಂಡೆನೆನ್ನುವುದಿಲ್ಲ. ಹೊರಗಿನ ರಜಸ್ಸು ಧೂಳು, ಒಳಗಿನದು ರಾಗದ್ವೇಷ. ಇದು ಉತ್ಪ್ರೇಕ್ಷಾಲಂಕಾರ, ಆಚಾರ್ಯರ ಹಿರಿಮೆಗೆ ಇದರಿಂದ ಕುಂದಿಲ್ಲ.

ದಂಡ ಹಿಡಿದು ಗಾಳಿಯಲ್ಲಿ ಕುಳಿತಂತೆ ತೋರುವವನ ಬಟ್ಟೆಯೊಳಗೆ ದಂಡಕ್ಕೆ ಬೆಸೆದ ಕಬ್ಬಿಣದ ಆಸನವಿರುತ್ತದೆ. ಅದು ಮಾಯಾಶಲ್ಯ. ಋದ್ಧಿಯನ್ನು ಬಯಸಿ ಉಪವಾಸ ಮಾಡುವುದೋ ನಿದಾನಶಲ್ಯ!

ಮನಸ್ಸು ಹಸಿವನ್ನು ಸಹಿಸಬಲ್ಲದು. ಮಧುಮೇಹದ ಔಷಧ ಸೇವಿಸುವವರ ರಕ್ತದಲ್ಲಿ ಕುಸಿಯುವ ಸಕ್ಕರೆಯನ್ನು ಎತ್ತಿ ನಿಲ್ಲಿಸಲಾರದು. ಅಂಥವರು ವೈದ್ಯರನ್ನು ಕೇಳಿಯೇ ಉಪವಾಸವನ್ನೋ ಏಕಾಶನವನ್ನೋ ನಿರ್ಧರಿಸಲಿ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದಷ್ಟೆ.